ನನ್ನ ಹೆಸರೂ ಹಾಕಿದ್ದೀಯಲ್ಲ?

ಪ್ರಾಜೆಕ್ಟ್ ಸಬ್ಮಿಟ್ ಮಾಡುವ ಹಿಂದಿನ ರಾತ್ರಿ ಹತ್ತೂಮುಕ್ಕಾಲಿಗೆ ಒಂದು ಮೆಸೇಜ್ ಬಂತು. ಮೂರು ವಾರದಿಂದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತೂ ಆಡದಿದ್ದ ನಮ್ಮ ಗುಂಪಿನ ಹುಡುಗಿಯದು. "ಮೇರಾ ನಾಮ್ ಡಾಲೀ ನಾ?" ನನ್ನ ಹೆಸರೂ ಹಾಕಿದ್ದೀಯಲ್ಲ? ಅದರ ಕೆಳಗೇ ಇನ್ನೊಂದು: "ಸ್ಪೆಲಿಂಗ್ ನೋಡು, ಕೊನೆಯಲ್ಲಿ ಎರಡು 'ಎ' ಬರುತ್ತೆ."

ಸ್ಪೈರಲ್ ಬೈಂಡಿಂಗ್ ಮಾಡಿಸಿದ ಇಪ್ಪತ್ತೆರಡು ಪುಟದ ಪ್ರಾಜೆಕ್ಟ್ ನನ್ನ ಪಕ್ಕದಲ್ಲೇ ಇತ್ತು. ತೆಗೆದು ನೋಡಿದೆ. ಮೊದಲ ಪುಟದಲ್ಲಿ ಐದು ಹೆಸರು, ಅವಳದು ನಾಲ್ಕನೆಯದು. 'ಎ' ಎರಡೇ ಇದ್ದವು. "ಹಾಕಿದೀನಿ" ಅಂತ ಬರೆದೆ. ಅವಳು ಒಂದು ಕೆಂಪು ಹಾರ್ಟ್ ಕಳಿಸಿದಳು. ನಾನು ಲೈಟ್ ಆರಿಸಿ ಮಲಗಿದೆ, ಆದರೆ ನಿದ್ದೆ ಬರಲಿಲ್ಲ.

ಅವತ್ತು ನಾನು ಮಾಡಿದ್ದು ಸರಿಯಾ ಅಂತ ಆಮೇಲೆ ತುಂಬಾ ದಿನ ಯೋಚಿಸಿದೆ. ಇದು ನನ್ನೊಬ್ಬಳ ಸಮಸ್ಯೆ ಅಲ್ಲ ಅಂತಲೂ ಗೊತ್ತಾಯಿತು. ಸೈನ್ಸ್, ಆರ್ಟ್ಸ್, ಕಾಮರ್ಸ್ ಯಾರನ್ನು ಕೇಳಿದರೂ ಪ್ರಾಜೆಕ್ಟ್ ಅಂದ ಕೂಡಲೇ ಒಂದು ಕಥೆ ಹೇಳುತ್ತಾರೆ. ಎಲ್ಲರ ಕಥೆಯಲ್ಲೂ ಕೆಲಸ ಮಾಡಿದವರು ಅವರೊಬ್ಬರೇ. ಎಲ್ಲರೂ ಒಬ್ಬರೇ ಮಾಡಿದ್ದರೆ ಮಾಡದವರು ಯಾರು ಅನ್ನೋದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ!

ಮೊದಲು ಅಂಕದ ವಿಷಯ. 2023-24ರಿಂದ ಪಿಯುಸಿಯಲ್ಲಿ ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೂ 20 ಅಂಕದ ಆಂತರಿಕ ಮೌಲ್ಯಮಾಪನ ಬಂದಿದೆ. ಬರೆಯುವ ಪರೀಕ್ಷೆ 80ಕ್ಕೆ. ಈ ಇಪ್ಪತ್ತರಲ್ಲಿ ಒಂದು ಪಾಲು ಕಿರು ಪರೀಕ್ಷೆಗಳದ್ದು, ಇನ್ನೊಂದು ಪಾಲು ಪ್ರಾಜೆಕ್ಟಿನದು. ನಮ್ಮ ಅಣ್ಣಂದಿರು ಕಾಮರ್ಸ್ ಓದುವಾಗ ಪೂರ್ತಿ ನೂರೂ ಪರೀಕ್ಷೆ ಹಾಲಿನಲ್ಲೇ ತೀರ್ಮಾನ ಆಗುತ್ತಿತ್ತು. ಅಲ್ಲಿ ನಾನು ಓದಿದ್ದು ನನಗೆ, ನೀನು ಓದಿದ್ದು ನಿನಗೆ. ಈಗ ನನ್ನ ಮಾರ್ಕ್ಸ್ ಕಾರ್ಡಿನ ಒಂದು ಚಿಕ್ಕ ತುಂಡು ಇನ್ನೂ ನಾಲ್ಕು ಜನರ ಕೈಯಲ್ಲಿದೆ. ಚಿಕ್ಕದು ಅಂತ ಬಿಡುವ ಹಾಗಿಲ್ಲ. ಬಿ.ಕಾಂ. ಸೀಟು, ಸ್ಕಾಲರ್‌ಶಿಪ್ ಎಲ್ಲದಕ್ಕೂ ಪರ್ಸೆಂಟೇಜ್ ನೋಡುವ ಮನೆಗಳಿಂದಲೇ ನಾವು ತುಂಬಾ ಜನ ಬಂದಿರುವುದು.

ನಮ್ಮ ವಿಷಯ ಬಿಸಿನೆಸ್ ಸ್ಟಡೀಸ್‌ನ ಮೂರನೇ ಪಾಠ, ವ್ಯವಹಾರ ಪರಿಸರ. ಪುಸ್ತಕದಲ್ಲಿರುವುದನ್ನೇ ಇಳಿಸಬೇಡಿ, ಹೊರಗೆ ಹೋಗಿ ನೋಡಿ ಬರೆಯಿರಿ ಅಂತ ಮೇಡಂ ಹೇಳಿದ್ದರು. ಗುಂಪಿನಲ್ಲಿ ಭದ್ರಾವತಿಯಿಂದ ದಿನಾ ಬರುವ ಒಬ್ಬಳಿದ್ದಳು. ಹಾಗಾಗಿ ನಾನೇ ಒಂದು ಐಡಿಯಾ ಕೊಟ್ಟೆ: ಭದ್ರಾವತಿಯ ಎರಡು ದೊಡ್ಡ ಕಾರ್ಖಾನೆ ಕುಂದಿದ ಮೇಲೆ ಅಲ್ಲಿನ ಚಿಕ್ಕ ಅಂಗಡಿಗಳ ವ್ಯಾಪಾರ ಏನಾಯಿತು? 1923ರಲ್ಲಿ ಕಬ್ಬಿಣ ತಯಾರಿಸಲು ಶುರು ಮಾಡಿದ ವಿಐಎಸ್ಎಲ್ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ ಸೈಲ್ ಬಂದದ್ದು ಸರಿಯಾಗಿ ನೂರು ವರ್ಷದ ಮೇಲೆ, 2023ರ ಜನವರಿಯಲ್ಲಿ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತು ಹೋರಾಟ ಮಾಡಿದ್ದು ನಮಗೆಲ್ಲ ನೆನಪಿದೆ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್‌ನಲ್ಲಿ 2015ರಿಂದ ಉತ್ಪಾದನೆಯೇ ಇಲ್ಲ. ವ್ಯವಹಾರ ಪರಿಸರ ಅಂದರೆ ಏನು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಮೇಡಂಗೆ ತುಂಬಾ ಇಷ್ಟವಾಯಿತು. ನಾನು ಉಬ್ಬಿದೆ. ಆ ಭದ್ರಾವತಿ ಹುಡುಗಿ ಏನೂ ಹೇಳಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಅವತ್ತೇ ಗ್ರೂಪ್ ಮಾಡಿದೆವು. ಮೊದಲ ದಿನ ಐದೂ ಜನರದು ಹೆಬ್ಬೆರಳು, "ಓಕೆ", "ಡನ್". ಎರಡನೇ ದಿನದಿಂದ ನಾನು ಬರೆದದ್ದಕ್ಕೆ ನೀಲಿ ಟಿಕ್ ಮಾತ್ರ. ಶನಿವಾರ ಮಧ್ಯಾಹ್ನ ಭದ್ರಾವತಿಯ ರಂಗಪ್ಪ ಸರ್ಕಲ್‌ನಲ್ಲಿ ಸೇರೋಣ, ಅಲ್ಲಿಂದ ಪೇಪರ್ ಟೌನ್ ಕಡೆ ಹೋಗೋಣ ಅಂತ ತೀರ್ಮಾನಿಸಿದೆವು. ಶಿವಮೊಗ್ಗದಿಂದ ಹೋದವರು ನಾನು ಮತ್ತು ಇನ್ನೊಬ್ಬಳು ಮಾತ್ರ. ಸರ್ಕಾರಿ ಬಸ್ಸಿಗೆ ಕಾದರೆ ಆಧಾರ್ ತೋರಿಸಿ ಪುಕ್ಕಟೆ ಹೋಗಬಹುದಿತ್ತು, ಖಾಸಗಿ ಬಸ್ಸು ಮೊದಲು ಬಂತು, ದುಡ್ಡು ಕೊಟ್ಟೇ ಹೋದೆವು. ಭದ್ರಾವತಿಯಲ್ಲೇ ಮನೆ ಇರುವವಳು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಬಿಸಿಲಿನಲ್ಲಿ ನಿಂತು ನಾನು ಗ್ರೂಪಿನಲ್ಲಿ ಹಾಕಿದೆ: "ಊರಲ್ಲೇ ಇದ್ದು ಹತ್ತು ನಿಮಿಷ ಬರೋಕಾಗಲ್ವಾ? ನಾವು ಶಿವಮೊಗ್ಗದಿಂದ ಬಂದಿದೀವಿ." ಉಳಿದ ನಾಲ್ಕು ಜನರೂ ಓದಿದರು. ಯಾರೂ ಉತ್ತರ ಕೊಡಲಿಲ್ಲ.

ನಾವಿಬ್ಬರೇ ಹನ್ನೊಂದು ಅಂಗಡಿ ಸುತ್ತಿದೆವು. ಕಿರಾಣಿ, ಟೈಲರ್, ಸೈಕಲ್ ಶಾಪ್, ಹೋಟೆಲ್. ಹೆಚ್ಚಿನವರು ಮಾತಾಡಿದರು, ಒಬ್ಬರು ಟೀ ಕೂಡ ಕೊಟ್ಟರು. ಮನೆಗೆ ಬಂದು ನಾನೇ ಟೈಪ್ ಮಾಡಿದೆ, ನಾನೇ ಗ್ರಾಫ್ ಹಾಕಿದೆ, ನಾನೇ ಪ್ರಿಂಟ್ ತೆಗೆಸಿದೆ. ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಹತ್ತು ಜನರ ಕಡ್ಡಿ ಒಬ್ಬರ ಹೊರೆ ಅಂತ. ಆ ಹೊರೆ ನನ್ನ ತಲೆ ಮೇಲಿತ್ತು. ನಿಜ ಹೇಳಬೇಕೆಂದರೆ ಅದನ್ನು ಹೊತ್ತುಕೊಂಡು ತಿರುಗುವುದರಲ್ಲಿ ನನಗೆ ಸ್ವಲ್ಪ ಖುಷಿಯೂ ಇತ್ತು. ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ "ಎಲ್ಲಾ ನಾನೇ ಮಾಡ್ತಾ ಇದೀನಿ ಕಣ್ರೇ" ಅಂತ ಹೇಳಿಕೊಂಡು ಬಂದೆ.

ವೈವಾ ದಿನ ಮೇಡಂ ಒಬ್ಬೊಬ್ಬರನ್ನೇ ಕೇಳಲಿಲ್ಲ, ಗುಂಪಿಗೇ ಕೇಳಿದರು. ನಾನೇ ಮಾತಾಡಿದೆ. ಒಂದು ಪ್ರಶ್ನೆಗೆ ಮಾತ್ರ ನಾನು ನಿಂತುಬಿಟ್ಟೆ. "ಅಂಗಡಿಯವರು ಉದ್ದರಿ ಕೊಡೋದು ನಿಲ್ಲಿಸಿದ್ರಾ, ಇಲ್ಲ ಮುಂದುವರಿಸಿದ್ರಾ? ಯಾಕೆ?" ನಮ್ಮ ಇಪ್ಪತ್ತೆರಡು ಪುಟದಲ್ಲಿ ಅದು ಇರಲಿಲ್ಲ. ಆಗ ಭದ್ರಾವತಿ ಹುಡುಗಿ ಮೆಲ್ಲಗೆ ಹೇಳಿದಳು. ಸಂಬಳದ ದಿನ ಗೊತ್ತಿದ್ದಾಗ ಅಂಗಡಿಯವರು ತಿಂಗಳ ಲೆಕ್ಕ ಬರೆದುಕೊಂಡು ಸಾಮಾನು ಕೊಡುತ್ತಿದ್ದರು, ಗುತ್ತಿಗೆ ಕೆಲಸ ಇವತ್ತು ಇದೆ ನಾಳೆ ಇಲ್ಲ ಅಂತಾದ ಮೇಲೆ ಹಳೇ ಗಿರಾಕಿಗೆ ಇಲ್ಲ ಅನ್ನೋಕಾಗದೆ ಕೊಡ್ತಾರೆ, ಆದರೆ ಅರ್ಧ ಕೊಡ್ತಾರೆ, ಎಣ್ಣೆ ಒಂದು ಲೀಟರ್ ಕೇಳಿದರೆ ಅರ್ಧ ಲೀಟರ್. ಮೇಡಂ ಪೆನ್ ಕೆಳಗಿಟ್ಟು ಕೇಳಿದರು. ನಮ್ಮ ಪ್ರಾಜೆಕ್ಟಿನಲ್ಲೇ ಅತ್ಯಂತ ಒಳ್ಳೆಯ ಮಾತು ಅದು. ಅದು ಪುಸ್ತಕದಲ್ಲಿ ಇರಲಿಲ್ಲ, ಯಾಕೆಂದರೆ ನಾನು ಅವಳನ್ನು ಕೇಳಿರಲೇ ಇಲ್ಲ. "ಬಾ" ಅಂದಿದ್ದೆ, "ಏನು ಗೊತ್ತು" ಅಂದಿರಲಿಲ್ಲ.

ಆಮೇಲೆ ಅವಳೇ ಹೇಳಿದಳು. ಅವಳ ಅಬ್ಬಾ ಗುತ್ತಿಗೆ ಕೆಲಸದಲ್ಲಿದ್ದವರು. ನಾವು ಹೋಗಬೇಕೆಂದಿದ್ದ ಅಂಗಡಿ ಸಾಲಿನಲ್ಲಿ ಎರಡು ಅಂಗಡಿಗೆ ಅವರ ಮನೆಯಿಂದ ಬಾಕಿ ಇದೆ. ಆ ಅಂಗಡಿಯ ಮುಂದೆ ಕಾಲೇಜು ಬ್ಯಾಗ್ ಹಾಕಿಕೊಂಡು ನಿಂತು "ನಿಮ್ಮ ವ್ಯಾಪಾರ ಹೇಗಿದೆ, ಗಿರಾಕಿಗಳು ಬಾಕಿ ಕೊಡ್ತಾರಾ" ಅಂತ ಹೇಗೆ ಕೇಳುವುದು? ಗ್ರೂಪಿನಲ್ಲಿ ಬರೆಯುವ ಮಾತಾ ಇದು? (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಕರಡು ಓದಿ ಎರಡು ಸಾಲು ಹೊಡೆದು ಹಾಕಿದಳು, ಉಳಿದದ್ದು ಇರಲಿ ಅಂದಳು.)

ಇಲ್ಲಿಗೆ ನಿಲ್ಲಿಸಿದರೆ "ಯಾರನ್ನೂ ದೂರಬೇಡಿ, ಎಲ್ಲರಿಗೂ ಅವರವರ ಕಷ್ಟ ಇರುತ್ತೆ" ಅಂತ ಒಂದು ಒಳ್ಳೆಯ ಲೇಖನ ಆಗುತ್ತಿತ್ತು. ಆದರೆ ಅದು ಅರ್ಧ ಸತ್ಯ. ಹೆಸರಿನ ಸ್ಪೆಲಿಂಗ್ ಕೇಳಿದವಳಿಗೆ ಯಾವ ಕಷ್ಟವೂ ಇರಲಿಲ್ಲ. ಆ ಮೂರು ವಾರದಲ್ಲಿ ಅವಳ ಸ್ಟೇಟಸ್‌ನಲ್ಲಿ ಎರಡು ಮದುವೆ, ಒಂದು ಜೋಗ ಟ್ರಿಪ್ ನೋಡಿದ್ದೇನೆ. ನಾನೇ ನೇರವಾಗಿ ಕೇಳಿದೆ. ನಕ್ಕು ಹೇಳಿದಳು: "ದೋಸ್ತಿ ಮೇ ಕಾಯ್ಕಾ ಹಿಸಾಬ್?" ಸ್ನೇಹದಲ್ಲಿ ಎಂಥ ಲೆಕ್ಕ? ಗೊತ್ತಿದ್ದೇ ಮಾಡಿದ್ದು. ನಾನು ಬಿಡುವುದಿಲ್ಲ, ಅಂಕ ನನಗೂ ಬೇಕು, ಆದ್ದರಿಂದ ಹೇಗಾದರೂ ಮುಗಿಸುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಐವರಿಗೂ ಒಂದೇ ಅಂಕ ಬಂತು.

ಹಾಗಾದರೆ ಇಬ್ಬರೂ ಬರಲಿಲ್ಲವಲ್ಲ, ಇಬ್ಬರಿಗೂ ವ್ಯತ್ಯಾಸ ಏನು? ಇದು ನನಗೆ ಅರ್ಥವಾದದ್ದು ಎಲ್ಲಿಂದಲೋ ಅಲ್ಲ, ನಮ್ಮ ನಾನಾ ಹೇಳುತ್ತಿದ್ದ ಖಂದಕ್‌ನ ಕಥೆಯಿಂದ. ಹಿಜರಿ 5ನೇ ವರ್ಷ. ಮದೀನಾದ ಮೇಲೆ ದೊಡ್ಡ ಸೈನ್ಯ ಬರುತ್ತಿದೆ. ಸಲ್ಮಾನ್ ಫಾರ್ಸಿ(ರ) ಅವರ ಸಲಹೆಯಂತೆ ಊರಿನ ತೆರೆದ ಕಡೆ ಕಂದಕ ತೋಡುವ ತೀರ್ಮಾನ ಆಯಿತು. ಹಸಿವು, ಚಳಿ, ಬಂಡೆ. ನಮಗೆಲ್ಲ ಗೊತ್ತಿರುವ ಭಾಗ ಇಷ್ಟು. ಕಾಮರ್ಸ್ ವಿದ್ಯಾರ್ಥಿನಿಯಾಗಿ ನನಗೆ ಈಗ ಹಿಡಿಸಿದ ಭಾಗ ಬೇರೆ. ಎಲ್ಲರೂ ಸೇರಿ ತೋಡಿ ಅಂತ ಬಿಡಲಿಲ್ಲ. ಹತ್ತು ಹತ್ತು ಜನರ ತಂಡ ಮಾಡಿ ಒಂದೊಂದು ತಂಡಕ್ಕೆ ನಲವತ್ತು ಮೊಳ ಅಂತ ಅಳೆದು ಕೊಟ್ಟರು ಎಂದು ಸೀರತ್ ಪುಸ್ತಕಗಳಲ್ಲಿದೆ. ಪ್ರವಾದಿ(ಸ) ಅವರೇ ಮಣ್ಣು ಹೊತ್ತರು. ಅಲ್ಲೂ ಕೆಲವರು ಸುಮ್ಮನೆ ಕೈಯಾಡಿಸಿ, ಯಾರಿಗೂ ಹೇಳದೆ ಮನೆಗೆ ಜಾರಿಕೊಳ್ಳುತ್ತಿದ್ದರು. ಇನ್ನು ಕೆಲವರಿಗೆ ನಿಜವಾಗಿ ಮನೆಯಲ್ಲಿ ಕೆಲಸ ಇರುತ್ತಿತ್ತು. ಅವರು ಬಂದು ಅನುಮತಿ ಕೇಳುತ್ತಿದ್ದರು, ಹೋಗಿ ಮುಗಿಸಿ ವಾಪಸ್ ಬರುತ್ತಿದ್ದರು. ಅನ್ನೂರ್ ಅಧ್ಯಾಯದ ಕೊನೆಯಲ್ಲಿ ಕೇಳಿ ಹೋಗುವವರು ಮತ್ತು ಜಾರಿಕೊಳ್ಳುವವರ ಬಗ್ಗೆ ಬರುವ ಮಾತುಗಳನ್ನು ವ್ಯಾಖ್ಯಾನಕಾರರು ಈ ಸಂದರ್ಭಕ್ಕೆ ಜೋಡಿಸುತ್ತಾರೆ.

ನಾನು ಯಾವ ಕ್ಲಾಸ್‌ಮೇಟನ್ನೂ ಆ ಕಾಲದವರಿಗೆ ಹೋಲಿಸುತ್ತಿಲ್ಲ, ಪ್ರಾಜೆಕ್ಟ್ ಯುದ್ಧವೂ ಅಲ್ಲ. ಹೇಳುವುದು ಇಷ್ಟೇ: ವ್ಯತ್ಯಾಸ ಬಂದದ್ದು ಬರದದ್ದರಲ್ಲಿ ಇಲ್ಲ. ಕೇಳಿ ಹೋಗುವುದರಲ್ಲಿ ಮತ್ತು ಹೇಳದೆ ಜಾರುವುದರಲ್ಲಿ ಇದೆ. ಕೇಳಿ ಹೋದವರಿಗೆ ರಜೆ ಸಿಕ್ಕಿತು, ಯಾರೂ ಅವರನ್ನು ಕಡಿಮೆ ಅನ್ನಲಿಲ್ಲ. ನನ್ನ ಭದ್ರಾವತಿ ಗೆಳತಿಯೂ ಒಂದು ಮಾತು ಹೇಳಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಕಾರಣ ಹೇಳುವುದು ಬೇಡ, "ಅಂಗಡಿಗೆ ಬರಲ್ಲ, ಬೇರೆ ಕೆಲಸ ಕೊಡು" ಅಂದಿದ್ದರೆ ಸಾಕಿತ್ತು. ಅವಳಿಗೂ ಇದನ್ನು ಹೇಳಿದೆ. "ನೀನು ಕೇಳೋ ಹಾಗೆ ಇದ್ಯಾ ಆಗ?" ಅಂದಳು. ಅದೂ ನಿಜ. ಅನುಮತಿ ಕೇಳಬೇಕಾದರೆ ಕೇಳಿಸಿಕೊಳ್ಳುವವರು ಒಬ್ಬರು ಇರಬೇಕಲ್ಲ. ನಾನು ನಡುರಸ್ತೆಯಲ್ಲಿ ನಿಂತು ಗ್ರೂಪಿನಲ್ಲಿ ಬೈದವಳು.

ಇನ್ನೊಬ್ಬಳ ವಿಷಯ ಬೇಗ ಹೇಳಿಬಿಡುತ್ತೇನೆ. ಅವಳು ಹತ್ತನೇ ತರಗತಿವರೆಗೆ ಉರ್ದು ಮೀಡಿಯಂ. ಬರೆಯಲು ಕೊಟ್ಟರೆ ತಪ್ಪಾಗುತ್ತೆ, ನಗುತ್ತಾರೆ ಅಂತ ಮುಟ್ಟುತ್ತಿರಲಿಲ್ಲ, "ನಾಳೆ ಕೊಡ್ತೀನಿ" ಅಂತ ದಿನ ತಳ್ಳುತ್ತಿದ್ದಳು. ನಮ್ಮ ಕಾಲೇಜಿನಲ್ಲಿ ಇಂಥವರು ಎಷ್ಟು ಜನ ಅಂತ ಎಲ್ಲರಿಗೂ ಗೊತ್ತು. ಅದೇ ಹುಡುಗಿ ಅಕೌಂಟೆನ್ಸಿಯಲ್ಲಿ ನನಗಿಂತ ಬೇಗ ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡುತ್ತಾಳೆ. ಹನ್ನೊಂದು ಅಂಗಡಿಯ ಅಂಕಿಗಳನ್ನು ಅವಳ ಕೈಗೆ ಕೊಡುವ ಬುದ್ಧಿ ನನಗೆ ಬರಲಿಲ್ಲ.

ಗುಂಪಿನಲ್ಲಿ ಜನ ಕೈ ಸಡಿಲ ಬಿಡುವುದು ಶಿವಮೊಗ್ಗದ ಕಾಯಿಲೆಯೂ ಅಲ್ಲ, ನಮ್ಮ ಪೀಳಿಗೆಯ ಕಾಯಿಲೆಯೂ ಅಲ್ಲ. ಫ್ರಾನ್ಸ್‌ನ ರಿಂಗೆಲ್ಮನ್ ಎಂಬ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದ. 1913ರಲ್ಲಿ ಪ್ರಕಟಿಸಿದ. ಒಬ್ಬನೇ ಎಳೆದಾಗ ಹಾಕುವ ಶಕ್ತಿಯನ್ನು 100 ಅಂತ ಇಟ್ಟರೆ, ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರದು 49ಕ್ಕೆ ಇಳಿಯಿತು. 1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮೂವರು ವಿದ್ಯಾರ್ಥಿಗಳಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದರು. ಪಕ್ಕದಲ್ಲಿ ಇನ್ನೂ ಜನ ಕೂಗುತ್ತಿದ್ದಾರೆ ಅಂತ ನಂಬಿಸಿದರೆ ಸಾಕು, ನಿಜವಾಗಿ ಒಬ್ಬನೇ ಇದ್ದರೂ ಮೆಲ್ಲಗೆ ಕೂಗುತ್ತಿದ್ದ. ನಮ್ಮ ಅಸೆಂಬ್ಲಿಯಲ್ಲಿ ನಾಡಗೀತೆ ಹಾಡುವಾಗ ಹಿಂದಿನ ಸಾಲಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಜನ ಎರಡು ವರ್ಷದ ನಂತರ ಇನ್ನೊಂದು ನೋಡಿದರು: ಗುಂಪಿನಲ್ಲಿದ್ದರೂ ಪ್ರತಿಯೊಬ್ಬರ ದನಿಯನ್ನು ಬೇರೆ ಬೇರೆ ಅಳೆಯುತ್ತೇವೆ ಅಂತ ಹೇಳಿದಾಗ ಯಾರೂ ಮೆಲ್ಲಗಾಗಲಿಲ್ಲ.

ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ಅಮ್ಮಿ ಬೀದಿಯ ಹೆಂಗಸರ ಜೊತೆ ಚೀಟಿ ನಡೆಸುತ್ತಾರೆ. ಹನ್ನೆರಡು ಜನ, ತಿಂಗಳಿಗೆ ಸಾವಿರ. ಒಂದು ಹಳೇ ನೋಟ್ ಪುಸ್ತಕ, ಅದರಲ್ಲಿ ಹೆಸರು, ತಾರೀಕು, ಕೊಟ್ಟರೆ ಒಂದು ಗೆರೆ. ಆ ಪುಸ್ತಕ ಬೀರುವಿನಲ್ಲಿ ಇರುವುದಿಲ್ಲ, ಟಿವಿ ಪಕ್ಕದಲ್ಲಿ ಇರುತ್ತದೆ. ಯಾರು ಬಂದರೂ ತಿರುವಿ ನೋಡುತ್ತಾರೆ. ಒಂದು ತಿಂಗಳು ಆಗದಿದ್ದರೆ ಐದನೇ ತಾರೀಕಿನ ಒಳಗೆ ಬಂದು ಹೇಳಿ ಹೋಗುತ್ತಾರೆ. ಹೇಳಿದವರ ಬಗ್ಗೆ ಅಮ್ಮಿ ಯಾವತ್ತೂ ಕೆಟ್ಟ ಮಾತಾಡಿದ್ದು ನಾನು ಕೇಳಿಲ್ಲ. "ದೋಸ್ತಿ ಮೇ ಕಾಯ್ಕಾ ಹಿಸಾಬ್" ಅಂತ ಆ ಹನ್ನೆರಡು ಜನರಲ್ಲಿ ಯಾರಾದರೂ ಅಂದರೆ ಮುಂದಿನ ಚೀಟಿಯಲ್ಲಿ ಅವರು ಇರುವುದಿಲ್ಲ. ಆ ಹೆಂಗಸರ ಸ್ನೇಹ ಇಷ್ಟು ವರ್ಷ ಉಳಿದದ್ದೇ ಆ ನೋಟ್ ಪುಸ್ತಕದಿಂದ ಅಂತ ನನ್ನ ಅಭಿಪ್ರಾಯ.

ಕಾಮರ್ಸ್‌ನವರಿಗೆ ಇನ್ನೂ ನಾಚಿಕೆಯಾಗಬೇಕು. ಅಕೌಂಟೆನ್ಸಿಯಲ್ಲಿ ನಾವು ಬಾಯಿಪಾಠ ಮಾಡುವ ಒಂದು ಅಂಕದ ಪ್ರಶ್ನೆ: ಪಾಲುದಾರಿಕೆ ಡೀಡ್ ಇಲ್ಲದಿದ್ದಾಗ ಏನಾಗುತ್ತದೆ? 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭ ಸಮಪಾಲು. ಹಗಲು ರಾತ್ರಿ ದುಡಿದ ಪಾಲುದಾರನಿಗೆ ಸಂಬಳ ಇಲ್ಲ. ಹೆಚ್ಚು ಬಂಡವಾಳ ಹಾಕಿದವನಿಗೆ ಬಡ್ಡಿ ಇಲ್ಲ. ಸಾಲ ಅಂತ ಕೊಟ್ಟಿದ್ದರೆ ಮಾತ್ರ ವರ್ಷಕ್ಕೆ ಶೇ. 6. ಇದನ್ನು ಓದುವಾಗ ಅನ್ಯಾಯ ಅನಿಸುತ್ತಿತ್ತು. ಈಗ ಅನಿಸುವುದು, ಕಾನೂನಿಗೆ ಬೇರೆ ದಾರಿ ಏನಿದೆ? ಮೊದಲೇ ಬರೆದುಕೊಳ್ಳದೆ ಆಮೇಲೆ ಬಂದು "ನಾನು ಜಾಸ್ತಿ ಮಾಡಿದೆ" ಅಂದರೆ ಜಡ್ಜ್ ಹೇಗೆ ನಂಬಬೇಕು? ನಮ್ಮ ಮೇಡಂಗೂ ಅದೇ ಕಷ್ಟ. ಡೀಡ್ ಇಲ್ಲದ ಐದು ಪಾಲುದಾರರು ಎದುರಿಗೆ ನಿಂತಿದ್ದೆವು, ಸಮಪಾಲು ಕೊಟ್ಟರು. ಬಿಸಿನೆಸ್ ಸ್ಟಡೀಸ್‌ನಲ್ಲೂ ಅಷ್ಟೇ. ಫಯೋಲ್‌ನ 14 ತತ್ವಗಳಲ್ಲಿ ಮೊದಲನೆಯದೇ ಕೆಲಸದ ವಿಭಜನೆ, ಕೊನೆಯದು ತಂಡದ ಒಗ್ಗಟ್ಟು. ಎರಡನ್ನೂ ಕಿರು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡ ವಾರದಲ್ಲೇ ನಾವು ಐವರು ಮಾತು ಬಿಟ್ಟಿದ್ದು.

ಆದ್ದರಿಂದ ನಾನು ಕೇಳಿಕೊಳ್ಳುವುದು, ಮೊದಲ ದಿನವೇ ಒಂದು ಹಾಳೆ. ಯಾರು ಏನು ಮಾಡುತ್ತಾರೆ, ಯಾವ ತಾರೀಕಿಗೆ. ಲೀಡರ್ ಹಂಚುವುದಲ್ಲ, ಒಬ್ಬೊಬ್ಬರೂ ತಮ್ಮ ಕೈಯಿಂದ ತಮ್ಮ ಕೆಲಸ ಬರೆದು ಸಹಿ ಹಾಕಬೇಕು. ಸಹಿ ಹಾಕುವ ಮುಂಚೆ "ಇದು ನನ್ನಿಂದ ಆಗಲ್ಲ, ಅದು ಆಗುತ್ತೆ" ಅಂತ ಹೇಳಲು ಜಾಗ ಇರಬೇಕು, ಕಾರಣ ಕೇಳಬಾರದು. ಹೇಳಿದ ತಾರೀಕಿಗೆ ಬರಲಿಲ್ಲ ಅಂದರೆ ಗ್ರೂಪಿನಲ್ಲಿ ಬರೆಯದೆ ಅವಳೊಬ್ಬಳನ್ನೇ ಎದುರಿಗೆ ಕೂರಿಸಿ ಕೇಳಬೇಕು. ನಾನು ಮಾಡಿದ್ದರ ಸರಿಯಾದ ಉಲ್ಟಾ.

ಇನ್ನು ಹೆಸರಿನ ಪ್ರಶ್ನೆ. ಏನೂ ಮಾಡದವರ ಹೆಸರು ತೆಗೆದುಬಿಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ತೆಗೆಯುವ ಅಧಿಕಾರ ನನಗೆ ಯಾರು ಕೊಟ್ಟರು? ಅವತ್ತು ನಾನು ಕೋಪದಲ್ಲಿ ತೆಗೆದಿದ್ದರೆ ಇಬ್ಬರ ಹೆಸರು ತೆಗೆಯುತ್ತಿದ್ದೆ, ಒಂದು ಹೆಸರಿನ ಮಟ್ಟಿಗೆ ದೊಡ್ಡ ತಪ್ಪಾಗುತ್ತಿತ್ತು. ಹಾಗಂತ ಸುಮ್ಮನೆ ಐದು ಹೆಸರು ಹಾಕಿ "ನಾವು ಮಾಡಿದ ಪ್ರಾಜೆಕ್ಟ್" ಅಂತ ಸಹಿ ಹಾಕಿದ್ದೂ ಸುಳ್ಳೇ. ಅದು ಒಂದು ಗವಾಹಿ, ಸಾಕ್ಷಿ. ಸುಳ್ಳು ಸಾಕ್ಷಿ ಎಷ್ಟು ದೊಡ್ಡ ಪಾಪ ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ, ಹತ್ತು ಅಂಕದ ಸಾಕ್ಷಿಗೆ ಬೇರೆ ನಿಯಮ ಇದೆಯಾ? ಖುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಲ್-ಮುತಫ್ಫಿಫೀನ್, ತೂಕ ಅಳತೆಯಲ್ಲಿ ಮೋಸ ಮಾಡುವವರು ಅಂತ. ತಾವು ತೆಗೆದುಕೊಳ್ಳುವಾಗ ಪೂರ್ತಿ, ಕೊಡುವಾಗ ಕಡಿಮೆ. ಗಾಂಧಿ ಬಜಾರಿನ ತಕ್ಕಡಿಗೆ ಮಾತ್ರ ಸೇರಿದ್ದು ಅಂದುಕೊಂಡಿದ್ದೆ. ನನ್ನ ಅಭಿಪ್ರಾಯದಲ್ಲಿ ಹೆಸರು ತೆಗೆಯಬಾರದು, ಹೆಸರಿನ ಮುಂದೆ ಮಾಡಿದ ಕೆಲಸ ಬರೆಯಬೇಕು. ಏನೂ ಮಾಡದಿದ್ದರೆ ಮುಂದೆ ಜಾಗ ಖಾಲಿ ಇರಲಿ. ಓದುವವರು ಓದಿಕೊಳ್ಳುತ್ತಾರೆ.

ಲೆಕ್ಚರರ್‌ಗೆ ಹೇಳಿದರೆ ಚಾಡಿ ಹೇಳಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಚುಗಲಿಖೋರ್ ಅಂತ ಹೆಸರು ಬಂದರೆ ಎರಡು ವರ್ಷ ಹೋಗುವುದಿಲ್ಲ. ಗೀಬತ್ ಆಗುತ್ತದಾ ಅಂತ ನಮ್ಮ ದೀನಿಯಾತ್ ಉಸ್ತಾದರನ್ನೇ ಕೇಳಿದೆ. ಅನ್ಯಾಯವಾದವರು ಅದನ್ನು ಸರಿಪಡಿಸಬಲ್ಲವರ ಮುಂದೆ ಹೇಳುವುದು ಗೀಬತ್‌ಗೆ ಸೇರುವುದಿಲ್ಲ, ಇಮಾಮ್ ನವವಿ ಅವರು ರಿಯಾಝುಸ್ಸಾಲಿಹೀನ್‌ನಲ್ಲಿ ಎಣಿಸಿದ ಆರು ವಿನಾಯಿತಿಗಳಲ್ಲಿ ಅದು ಮೊದಲನೆಯದು ಅಂದರು. ಆಮೇಲೆ ನಗುತ್ತಾ ಕೇಳಿದರು: "ಮೇಡಂಗೆ ಹೇಳೋದು ಬಿಡು, ಕ್ಯಾಂಟೀನಿನಲ್ಲಿ ಎಷ್ಟು ಜನಕ್ಕೆ ಹೇಳಿದೀಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿಪಡಿಸಬಲ್ಲವರಿಗೆ ಒಂದು ಮಾತೂ ಹೇಳಿರಲಿಲ್ಲ, ಸರಿಪಡಿಸಲಾಗದ ಎಲ್ಲರಿಗೂ ಹೇಳಿದ್ದೆ.

ನಮ್ಮ ಮೇಡಂ, ಸರ್‌ಗಳಿಗೂ ಎರಡು ಮಾತು, ಅದಬಿನಿಂದಲೇ. ಒಂದು ತರಗತಿಯಲ್ಲಿ ಅರವತ್ತು ಎಪ್ಪತ್ತು ಜನ ಇದ್ದೇವೆ, ಒಬ್ಬೊಬ್ಬರ ಪ್ರಾಜೆಕ್ಟ್ ಬೇರೆ ಬೇರೆ ನೋಡುವುದು ನಿಮಗೆ ಆಗುವುದಿಲ್ಲ ಅಂತ ಗೊತ್ತು. ಆದರೆ ಐದು ಜನರ ಗುಂಪಿನ ಬದಲು ಮೂರು ಜನರ ಗುಂಪು ಮಾಡಬಹುದಲ್ಲವೇ? ಮೂವರಲ್ಲಿ ಒಬ್ಬಳು ಅಡಗಿಕೊಳ್ಳುವುದು ಕಷ್ಟ. ವೈವಾದಲ್ಲಿ ಗುಂಪಿಗೆ ಕೇಳುವ ಬದಲು ಹೆಸರು ಕರೆದು ಒಬ್ಬೊಬ್ಬರಿಗೆ ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು, ಅದೂ "ನೀನು ಮಾಡಿದ್ದು ಯಾವ ಭಾಗ?" ಅನ್ನುವ ಪ್ರಶ್ನೆ. ಆ ಸಹಿ ಹಾಕಿದ ಹಾಳೆಯನ್ನು ಮೊದಲ ವಾರವೇ ಕೇಳಿ ತೆಗೆದುಕೊಳ್ಳಿ, ಕೊನೆಯ ವಾರ ಕೇಳಿದರೆ ನಾವು ಹಿಂದಿನ ರಾತ್ರಿ ಕೂತು ಬರೆಯುತ್ತೇವೆ. ಭದ್ರಾವತಿಯಿಂದ, ಇನ್ನೂ ದೂರದಿಂದ ಬರುವವರಿಗೆ ಕಾಲೇಜು ಬಿಟ್ಟ ಮೇಲೆ ನಿಲ್ಲಲು ಆಗುವುದಿಲ್ಲ, ಬಸ್ಸು ತಪ್ಪಿದರೆ ಮನೆಗೆ ಕತ್ತಲಾಗುತ್ತದೆ. ವಾರಕ್ಕೆ ಒಂದು ಪೀರಿಯಡ್ ಗುಂಪಾಗಿ ಕೂರಲು ಕೊಟ್ಟರೆ ಅರ್ಧ ನೆಪಗಳು ಅಲ್ಲೇ ಮುಗಿಯುತ್ತವೆ. ಉಳಿದ ಅರ್ಧ ನೆಪ ಅಂತ ಗೊತ್ತಾಗುತ್ತದೆ.

ಇದನ್ನು ಬರೆಯುತ್ತಿರುವಾಗ ಅಕೌಂಟೆನ್ಸಿ ಪ್ರಾಜೆಕ್ಟ್ ಶುರುವಾಗಿದೆ. ರೋಲ್ ನಂಬರ್ ಪ್ರಕಾರ ಗುಂಪು, ಆದ್ದರಿಂದ ಮತ್ತೆ ಅದೇ ಐದು ಜನ. ಒಂದು ಚಿಕ್ಕ ಅಂಗಡಿಯ ಬಿಲ್‌ಗಳನ್ನು ಹಿಡಿದು ಲೆಕ್ಕ ಬರೆಯಬೇಕು. ಈ ಸಲ ಹಾಳೆ ಮಾಡಿದ್ದೇವೆ. ಟೇಬಲ್‌ಗಳೆಲ್ಲ ಉರ್ದು ಮೀಡಿಯಂ ಗೆಳತಿಯದು, ಅವಳೇ ಕೇಳಿ ತೆಗೆದುಕೊಂಡಳು. ಭದ್ರಾವತಿಯವಳು ಪ್ರಶ್ನೆಗಳನ್ನು ತಯಾರಿಸುತ್ತಾಳೆ, ಕೇಳುವುದು ನಾನು. ಅಂಗಡಿ ಶಿವಮೊಗ್ಗದ್ದು. ಎರಡು 'ಎ' ಇರುವವಳ ಮುಂದೆ ಹಾಳೆ ಇಟ್ಟಾಗ ಸ್ವಲ್ಪ ಹೊತ್ತು ಪೆನ್ ತಿರುಗಿಸಿದಳು. ಆಮೇಲೆ ಬರೆದಳು: "ಬಿಲ್ ಕಲೆಹಾಕುವುದು, 30." ಸಹಿ ಹಾಕಿದಳು. ತಾರೀಕು ಮುಂದಿನ ಶನಿವಾರ. ಇವತ್ತು ಮಂಗಳವಾರ, ನಾಲ್ಕು ಬಿಲ್ ಬಂದಿವೆ.